ಕಣ್ಣು ಹೋದ ಮೇಲೆ ನಲ್ಲಿ ಹಾಕಿಸುವಿರಾ?

ನಮ್ಮ ಊರಿನ ಹೊರವಲಯದಲ್ಲಿ ಬಟ್ಟೆ ತೊಳೆದು ಬಣ್ಣ ಹಾಕುವ ಒಂದು ಕಾರ್ಖಾನೆಯಿದೆ. ಕಳೆದ ತಿಂಗಳು ಅಲ್ಲಿ ರಾತ್ರಿ ಪಾಳಿಯ ಒಬ್ಬ ಯುವಕ ಡ್ರಮ್ಮಿನಿಂದ ಬಕೀಟಿಗೆ ಕಂದು ಬಣ್ಣದ ಮಂದ ದ್ರವವೊಂದನ್ನು ಬಗ್ಗಿಸುತ್ತಿದ್ದ. ಡ್ರಮ್ಮು ಜಾರಿತು, ದ್ರವ ಮುಖಕ್ಕೆ ಸಿಡಿಯಿತು. ಜೊತೆಯವರು ನೀರಿಗಾಗಿ ಓಡಿದರು. ಖಾತೆಯೊಳಗಿನ ನಲ್ಲಿಯಲ್ಲಿ ನೀರಿರಲಿಲ್ಲ. ಅಂಗಳದ ತೊಟ್ಟಿಯ ಕೋಣೆಗೆ ಬೀಗ ಹಾಕಿತ್ತು. ಬೀಗದ ಕೈ ಕಾವಲುಗಾರನ ಬಳಿ ಇತ್ತು. ಕಾವಲುಗಾರ ಹಿಂದಿನ ಗೇಟಿನಲ್ಲಿದ್ದ. ಕಣ್ಣಿಗೆ ನೀರು ಬೀಳುವ ಹೊತ್ತಿಗೆ ಹತ್ತು ನಿಮಿಷಗಳು ಕಳೆದುಹೋಗಿದ್ದವು. ಆ ಹುಡುಗನ ಬಲಗಣ್ಣಿನ ಮುಂದೆ ಈಗ ಮಂಜು ಕವಿದಿದೆ. ಮರುದಿನ ಮಾಲಿಕರ ಕಡೆಯಿಂದ ಬಂದ ಮಾತು ಇಷ್ಟೇ: “ಅದು ಬರೀ ಸೋಪಿನ ಎಣ್ಣೆ. ಹುಡುಗನ ಅಜಾಗರೂಕತೆ.”

ಆ ಕಾರ್ಖಾನೆಯ ಹೆಸರನ್ನು ನಾವು ಬರೆಯುತ್ತಿಲ್ಲ. ಹೆದರಿಕೆ ಇದಕ್ಕೆ ಕಾರಣವಲ್ಲ. ಒಂದು ಹೆಸರನ್ನು ಬರೆದರೆ ಉಳಿದ ಮಾಲಿಕರೆಲ್ಲರೂ “ಅದು ಅವನ ಮನೆಯ ಮಾತು” ಎಂದು ನೆಮ್ಮದಿಯಾಗಿ ಮಗ್ಗಲು ಬದಲಿಸುತ್ತಾರೆ. ಅವರು ಮಗ್ಗಲು ಬದಲಿಸುವುದು ನಮಗೆ ಬೇಡ, ಅವರು ಏಳಬೇಕು. ನಲ್ಲಿಯಿಲ್ಲದ ಖಾತೆ, ಬೀಗ ಬಿದ್ದ ನೀರು, ಇಂಗ್ಲಿಷಿನಲ್ಲಿ ಮಾತ್ರ ಬರೆದ ಚೀಟಿ, ಇವು ಒಂದೇ ಕಾರ್ಖಾನೆಯ ಸೊತ್ತಲ್ಲವೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಮೊದಲು ಈ “ಸೋಪಿನ ಎಣ್ಣೆ” ಎಂಬ ಮಾತನ್ನು ವಿಚಾರಣೆಗೆ ನಿಲ್ಲಿಸೋಣ. ಸೋಪು ಎಂದೊಡನೆ ಮಗುವಿಗೆ ಸ್ನಾನ ಮಾಡಿಸುವ ಬಿಲ್ಲೆಯ ನೆನಪು ಬರುತ್ತದೆ. ಆ ಡ್ರಮ್ಮಿನಲ್ಲಿದ್ದದ್ದು ಅದಲ್ಲ. ಅಂಗಡಿಬೀದಿಯವರು ಅದನ್ನು ಆ್ಯಸಿಡ್ ಸ್ಲರಿ ಎನ್ನುತ್ತಾರೆ. ರಸಾಯನ ಶಾಸ್ತ್ರದವರು ಲೀನಿಯರ್ ಆಲ್ಕೈಲ್ ಬೆಂಜೀನ್ ಸಲ್ಫಾನಿಕ್ ಆಮ್ಲ ಎನ್ನುತ್ತಾರೆ. ಸೀಮೆಎಣ್ಣೆಯಿಂದ ತೆಗೆದ ಅಂಶವನ್ನು ಬೆಂಜೀನಿನೊಡನೆ ಕೂಡಿಸಿ, ಬಂದದ್ದನ್ನು ಗಂಧಕದ ಟ್ರೈಆಕ್ಸೈಡ್ ಅನಿಲದಿಂದಲೋ ಓಲಿಯಂ ಎಂಬ ಹೊಗೆಯಾಡುವ ಗಂಧಕಾಮ್ಲದಿಂದಲೋ ಬೇಯಿಸಿದರೆ ಬರುವ ಪದಾರ್ಥ ಅದು. ಅದನ್ನು ಕಾಸ್ಟಿಕ್ ಅಥವಾ ಸೋಡಾ ಆ್ಯಶಿನೊಡನೆ ಬೆರೆಸಿ ಆಮ್ಲವನ್ನು ಕೊಂದ ಮೇಲೆಯೇ ಅದು ನಮ್ಮ ಬಟ್ಟೆಪುಡಿಯೊಳಗಿನ ಮಾರ್ಜಕವಾಗುವುದು. ಕೊಲ್ಲುವ ಮೊದಲು ಅದು ಚರ್ಮವನ್ನು ಸುಡುವ, ಕಣ್ಣನ್ನು ಕುರುಡು ಮಾಡಬಲ್ಲ ಆಮ್ಲ. ಸಾಗಾಟಕ್ಕಾಗಿ ವಿಶ್ವಸಂಸ್ಥೆಯವರು ಮಾಡಿರುವ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಇಂತಹ ಆಮ್ಲಗಳಿಗೆ 8ನೆಯ ವರ್ಗದ, ಅಂದರೆ ತಿನ್ನುವ ಪದಾರ್ಥಗಳ, ಸ್ಥಾನ ದೊರೆತಿದೆ. ಬಿಡಿ ಗಂಧಕಾಮ್ಲ ಶೇಕಡಾ 5ಕ್ಕಿಂತ ಹೆಚ್ಚಿಲ್ಲದ ದ್ರವಕ್ಕೆ 2586 ಎಂಬ ಸಂಖ್ಯೆಯಿದೆ. ಡ್ರಮ್ಮಿನ ಮೇಲೆ ಆ ನಾಲ್ಕು ಅಂಕೆಗಳನ್ನೂ, ಕೈಯ ಮೇಲೂ ಲೋಹದ ಮೇಲೂ ದ್ರವ ಸುರಿಯುತ್ತಿರುವ ಚಿತ್ರವನ್ನೂ ಕಂಡವರು ಅದನ್ನು “ಬರೀ ಸೋಪು” ಎನ್ನಲಾರರು. ಎಂದವರು ಒಂದೋ ಓದಿಲ್ಲ, ಇಲ್ಲವೇ ಓದಿ ಮುಚ್ಚಿಟ್ಟಿದ್ದಾರೆ.

ಇದೊಂದೇ ಅಲ್ಲ. ನೂಲು ಬೇಗ ನೆನೆಯಲೆಂದು ಹಾಕುವ ಎಣ್ಣೆ, ಬಟ್ಟೆ ಮೆತ್ತಗಾಗಲೆಂದು ಕೊನೆಯಲ್ಲಿ ಹಾಕುವ ರಸ, ನೆಲ ತೊಳೆಯುವ ಕ್ರಿಮಿನಾಶಕ, ಇವೆಲ್ಲ ಒಂದೇ ಕುಲದ ಪದಾರ್ಥಗಳು. ಇವುಗಳ ಕಣದ ಒಂದು ತುದಿ ನೀರನ್ನು ಹಿಡಿಯುತ್ತದೆ, ಇನ್ನೊಂದು ತುದಿ ಜಿಡ್ಡನ್ನು ಹಿಡಿಯುತ್ತದೆ. ಹೀಗೆ ಕೊಳೆಯನ್ನು ಕಿತ್ತು ನೀರಿಗೆ ಒಪ್ಪಿಸುತ್ತವೆ. ಆದರೆ ನೂಲಿನ ಜಿಡ್ಡು ಯಾವುದು, ದುಡಿಯುವವನ ಕೈಯ ಜಿಡ್ಡು ಯಾವುದು ಎಂಬ ಭೇದ ಅವಕ್ಕೆ ತಿಳಿಯದು. ಬ್ಲೀಚಿಂಗ್ ಖಾತೆಯ ನಮ್ಮ ಬಂಧುಗಳ ಅಂಗೈ ಬಿರುಕು ಬಿಟ್ಟಿರುವುದಕ್ಕೂ, ರಾತ್ರಿ ಊಟಕ್ಕೆ ಕುಳಿತಾಗ ಸಾರಿನ ಖಾರ ಬೆರಳ ಸಂದುಗಳನ್ನು ಉರಿಸುವುದಕ್ಕೂ ಕಾರಣ ಇದೇ. ಬೆಂಜಾಲ್ಕೋನಿಯಂ ಕ್ಲೋರೈಡಿನಂತಹ ಕ್ರಿಮಿನಾಶಕಗಳು ತೆಳುವಾಗಿದ್ದಾಗ ನೆಲ ತೊಳೆಯಲು ಬರುತ್ತವೆ. ಗಟ್ಟಿಯಾಗಿದ್ದಾಗ ಗಂಟಲನ್ನೂ ಕಣ್ಣನ್ನೂ ಸುಡುತ್ತವೆ. ಕಾರ್ಖಾನೆಗೆ ಬರುವುದು ಗಟ್ಟಿಯದು. ತೆಳುವು ಮಾಡುವವನು ಕಾರ್ಮಿಕ.

ಈಗ “ಅಜಾಗರೂಕತೆ” ಎಂಬ ಎರಡನೆಯ ಮಾತಿಗೆ ಬರೋಣ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಯನ್ನು ನಮ್ಮ ಮಾಲಿಕರು ಆಡಳಿತದ ಸೂತ್ರವನ್ನಾಗಿ ಮಾಡಿಕೊಂಡಿದ್ದಾರೆ. ತಾನು ಎತ್ತುತ್ತಿರುವುದು ಏನೆಂದು ಹೇಳದೆ, ಕಣ್ಣಿಗೆ ಕನ್ನಡಕ ಕೊಡದೆ, ಡ್ರಮ್ಮು ಬಗ್ಗಿಸಲು ಒಂದು ಅಡ್ಡಣಿಗೆಯನ್ನೂ ಒದಗಿಸದೆ, ಎರಡು ಪಾಳಿ ಒಟ್ಟಿಗೆ ದುಡಿಸಿ, ಕೊನೆಗೆ ಕೈ ಜಾರಿದಾಗ ಅಜಾಗರೂಕತೆ ಎನ್ನುವುದು ಯಾವ ನ್ಯಾಯ? ಮನುಷ್ಯನ ಕೈ ಎಂದಾದರೊಮ್ಮೆ ಜಾರುತ್ತದೆ. ಜಾರಿದ ಕೈಗೆ ಕಣ್ಣನ್ನು ಬೆಲೆಯಾಗಿ ಕೇಳದಿರುವ ವ್ಯವಸ್ಥೆಯನ್ನು ಮಾಡುವುದಕ್ಕಾಗಿಯೇ ಮಾಲಿಕನೆಂಬವನು ಇರುವುದು, ಲಾಭವನ್ನು ಎಣಿಸುವುದಕ್ಕೆ ಮಾತ್ರವಲ್ಲ.

ಈ ಮಾತಿಗೆ ಇತಿಹಾಸದ ಸಾಕ್ಷಿಯಿದೆ. 1960ರ ದಶಕದಲ್ಲಿ ಇಂಗ್ಲೆಂಡಿನ ಬಟ್ಟೆಪುಡಿಯ ಕಾರ್ಖಾನೆಗಳಲ್ಲಿ ಕಿಣ್ವಗಳನ್ನು ಬೆರೆಸಲು ಆರಂಭಿಸಿದಾಗ ದುಡಿಮೆಗಾರರಿಗೆ ಉಬ್ಬಸ ಹಿಡಿಯಿತು. ಇದಕ್ಕೆ ಕಾರಣ ಪುಡಿಯ ಧೂಳಿನೊಳಗಿನ ಕಿಣ್ವವೆಂದು ಫ್ಲಿಂಟ್ ಎಂಬ ವೈದ್ಯರು 1969ರಲ್ಲಿ ಪ್ರಕಟಿಸಿದರು. ಆಮೇಲೆ ಏನಾಯಿತು? ಕಾರ್ಮಿಕರಿಗೆ ಜಾಗರೂಕರಾಗಿ ಉಸಿರಾಡಿ ಎಂದು ಉಪದೇಶ ಮಾಡಿದ್ದರಿಂದ ಉಬ್ಬಸ ಇಳಿಯಲಿಲ್ಲ. ಕಿಣ್ವವನ್ನು ಕಾಳಿನಂತೆ ಮುಚ್ಚಿ ಧೂಳೇಳದಂತೆ ಮಾಡಿದರು, ಯಂತ್ರಗಳಿಗೆ ಮುಚ್ಚಳ ಹಾಕಿದರು, ಗಾಳಿಯನ್ನು ಹೊರಗೆಳೆದರು, ಆಗ ಇಳಿಯಿತು. ಬದಲಾಗಬೇಕಾದದ್ದು ಕಾರ್ಮಿಕನ ಸ್ವಭಾವವಲ್ಲ, ಕಾರ್ಖಾನೆ.

“ಇಷ್ಟೆಲ್ಲ ಮಾಡಹೊರಟರೆ ಸಣ್ಣ ಉದ್ಯಮಗಳು ಮುಳುಗುತ್ತವೆ” ಎಂಬ ಅಳಲು ಮೂರನೆಯದು. ಇದೂ ಹಳೆಯ ರಾಗವೇ. 1950ರ ದಶಕದಲ್ಲಿ ಯುರೋಪು ಅಮೆರಿಕಗಳ ನದಿಗಳು ಕೊಳೆಯದ ಮಾರ್ಜಕದ ನೊರೆಯಿಂದ ತುಂಬಿದ್ದವು. 1961ರಲ್ಲಿ ಪಶ್ಚಿಮ ಜರ್ಮನಿ ಕಾಯಿದೆ ಮಾಡಿತು; 1964ರಲ್ಲಿ ಅದು ಜಾರಿಗೆ ಬಂದಿತು; ಮಾರ್ಜಕ ತಯಾರಕರು ಬೇಗ ಕೊಳೆಯುವ ಹೊಸ ಬಗೆಗೆ ಬದಲಾದರು. ಅಮೆರಿಕದ ತಯಾರಕರೂ 1965ರ ವೇಳೆಗೆ ಬದಲಾದರು. ಸಾಬೂನಿನ ಉದ್ಯಮ ಮುಳುಗಲಿಲ್ಲ, ಬೆಳೆಯಿತು. ನಾವು ಕೇಳುತ್ತಿರುವುದಾದರೂ ಏನು? ಒಂದು ನಲ್ಲಿ, ಒಂದು ತೊಟ್ಟಿ ನೀರು, ಕೆಲವು ಜೊತೆ ಕೈಚೀಲ, ಕೆಲವು ಕನ್ನಡಕ, ನಾಲ್ಕು ಮೂಟೆ ಮರಳು, ಕನ್ನಡದ ಒಂದು ಹಾಳೆ. ಗೋದಾಮಿನ ಬಟ್ಟೆಗೆ ಬೆಂಕಿಯ ವಿಮೆ ಇಳಿಸಲು ಹಣವುಳ್ಳವರಿಗೆ ಬಟ್ಟೆ ತೊಳೆಯುವವನ ಕಣ್ಣಿಗೆ ನೀರು ಬಿಡಲು ಹಣವಿಲ್ಲವೆ?

ಕಾಯಿದೆಯ ಕಥೆಯನ್ನೂ ಕೇಳಿ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ವಿಷಾನಿಲ ಸಾವಿರಾರು ಬಡವರನ್ನು ಕೊಂದಿತು. ಊರಿಗೆ ಹರಡಿದ ಅನಿಲ ಎಂತಹದು, ಅದಕ್ಕೆ ಏನು ಚಿಕಿತ್ಸೆ ಎಂಬುದು ಆಸ್ಪತ್ರೆಯ ವೈದ್ಯರಿಗೂ ತಿಳಿದಿರಲಿಲ್ಲ. ಮರುವರ್ಷ ಅದೇ ಡಿಸೆಂಬರಿನಲ್ಲಿ, 4ರಂದು, ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಸೋರಿತು. ನಮ್ಮ ಸ್ಲರಿಯನ್ನು ಮಾಡಲು ಬಳಸುವ ಅದೇ ಓಲಿಯಂ. ಆ ಕಾರ್ಖಾನೆಯ ಆವರಣದಲ್ಲಿ ಕಾಸ್ಟಿಕ್, ಕ್ಲೋರಿನ್, ಸಾಬೂನುಗಳೂ ತಯಾರಾಗುತ್ತಿದ್ದವು. ಆ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಭಗವತಿಯವರ ಪೀಠ 1986ರ ಡಿಸೆಂಬರಿನಲ್ಲಿ ಸಾರಿತು: ಅಪಾಯಕಾರಿ ಉದ್ಯಮವನ್ನು ನಡೆಸಿ ಲಾಭ ಪಡೆಯುವವನು ಅದರಿಂದಾದ ಹಾನಿಗೆ ಯಾವ ನೆಪವನ್ನೂ ಹೇಳದೆ ಹೊಣೆಯಾಗತಕ್ಕದ್ದು. ಜಾಗರೂಕನಾಗಿದ್ದೆ ಎಂದರೂ ಬಿಡುಗಡೆಯಿಲ್ಲ. ನಮ್ಮ ಊರಿನ ಮಾಲಿಕರು ಈ ಮಾತನ್ನು ಚೌಕಟ್ಟು ಹಾಕಿಸಿ ತಮ್ಮ ಗಾದಿಯ ಹಿಂದೆ ತೂಗುಹಾಕಿಕೊಳ್ಳಲಿ.

ಹೆಣಗಳ ಮೇಲೆ ನಿಂತು ಕಾಯಿದೆ ಕಣ್ಣು ತೆರೆಯಿತು. 1948ರ ಫ್ಯಾಕ್ಟರಿ ಕಾಯಿದೆಗೆ 1987ರಲ್ಲಿ ತಿದ್ದುಪಡಿ ಬಂದಿತು. ಅಪಾಯಕಾರಿ ಪ್ರಕ್ರಿಯೆ ನಡೆಯುವ ಕಾರ್ಖಾನೆಯ ಒಡೆಯ ಆ ಅಪಾಯವನ್ನೂ ಅದರ ಪರಿಹಾರವನ್ನೂ ಕಾರ್ಮಿಕರಿಗೆ ಮಾತ್ರವಲ್ಲ, ನೆರೆಯ ಜನರಿಗೂ ತಿಳಿಸಬೇಕು. ಸುರಕ್ಷತಾ ಸಮಿತಿಯಲ್ಲಿ ಆಡಳಿತದವರಷ್ಟೇ ಸಂಖ್ಯೆಯಲ್ಲಿ ಕಾರ್ಮಿಕರಿರಬೇಕು. ಅಪಾಯ ಎದುರಿಗಿದೆಯೆಂದು ಎಚ್ಚರಿಸುವ ಹಕ್ಕು ಕಾರ್ಮಿಕನಿಗಿರಬೇಕು ಎಂದು ಅದರಲ್ಲಿ ಬರೆದರು. 1989ರ ನಿಯಮಗಳು ಪ್ರತಿಯೊಂದು ಅಪಾಯಕಾರಿ ರಾಸಾಯನಿಕಕ್ಕೂ ಸುರಕ್ಷತಾ ಮಾಹಿತಿಯ ಹಾಳೆ ಇರಬೇಕು, ಪಾತ್ರೆಯ ಮೇಲೆ ಚೀಟಿ ಇರಬೇಕು ಎಂದವು. 2025ರ ನವೆಂಬರ್ 21ರಂದು ಆ ಫ್ಯಾಕ್ಟರಿ ಕಾಯಿದೆಯ ಜಾಗಕ್ಕೆ 2020ರ ಸುರಕ್ಷತಾ ಸಂಹಿತೆ ಬಂದಿದೆ. ತಿಳಿಸುವ ಕರ್ತವ್ಯ, ಎಚ್ಚರಿಸುವ ಹಕ್ಕು ಅದರಲ್ಲಿಯೂ ಉಳಿದಿವೆ. ಆದರೆ ವಿದ್ಯುಚ್ಛಕ್ತಿ ಬಳಸುವಲ್ಲಿ 10 ಮಂದಿ ದುಡಿದರೆ ಅದು ಫ್ಯಾಕ್ಟರಿ ಎಂದಿದ್ದ ಲೆಕ್ಕವನ್ನು 20ಕ್ಕೆ ಏರಿಸಿದ್ದಾರೆ. ವಿದ್ಯುಚ್ಛಕ್ತಿ ಇಲ್ಲದಲ್ಲಿ 20 ಇದ್ದದ್ದು 40 ಆಗಿದೆ. ಹನ್ನೆರಡು ಮಂದಿ ದುಡಿಯುವ ಶೆಡ್ಡಿನಲ್ಲಿ ಆಮ್ಲ ಕಡಿಮೆ ಸುಡುತ್ತದೆಯೇನು? ಮಂತ್ರಿ ಮಹಾಶಯರು ಉತ್ತರ ಹೇಳಲಿ.

1923ರ ಪರಿಹಾರ ಕಾಯಿದೆಯ ಪಟ್ಟಿಯಲ್ಲಿ ಒಂದು ಕಣ್ಣಿನ ದೃಷ್ಟಿ ಹೋಗಿ ಇನ್ನೊಂದು ಸರಿಯಾಗಿದ್ದರೆ ದುಡಿಮೆಯ ಶಕ್ತಿಯಲ್ಲಿ ಶೇಕಡಾ 30 ನಷ್ಟವೆಂದು ಬರೆದಿತ್ತು. ನೋಡಿ, ಕಣ್ಣಿಗೆ ದರ ಕಟ್ಟಲು ಸರಕಾರಗಳಿಗೆ ನೂರು ವರ್ಷದ ಹಿಂದೆಯೇ ಬಂದಿತ್ತು. ನಲ್ಲಿಗೆ ಏನು ದರ ಎಂದು ಕೇಳುವುದು ಮಾತ್ರ ಇನ್ನೂ ಯಾರಿಗೂ ಬಂದಿಲ್ಲ.

ಮಾಹಿತಿಯ ಹಾಳೆಯಲ್ಲಿ 16 ಭಾಗಗಳಿರುತ್ತವೆ. 4ನೆಯದು ಪ್ರಥಮ ಚಿಕಿತ್ಸೆ, 5ನೆಯದು ಬೆಂಕಿ, 6ನೆಯದು ಚೆಲ್ಲಿದಾಗ ಮಾಡಬೇಕಾದದ್ದು, 7ನೆಯದು ನಿರ್ವಹಣೆ ಮತ್ತು ದಾಸ್ತಾನು, 8ನೆಯದು ಮೈಗೆ ರಕ್ಷಣೆ. ಈ ಹಾಳೆ ಮ್ಯಾನೇಜರರ ಕಪಾಟಿನಲ್ಲಿ ಇಂಗ್ಲಿಷಿನಲ್ಲಿ ನಿದ್ರಿಸುತ್ತಿದೆ. ಮಾಲಿಕರು ಅದನ್ನು ಎಬ್ಬಿಸುವ ತನಕ ಕಾಯುವಂತಿಲ್ಲ. ಮುಖ್ಯವಾದುದನ್ನು ನಾವೇ ಕೆಳಗೆ ಕೊಡುತ್ತಿದ್ದೇವೆ. ಕತ್ತರಿಸಿ ಖಾತೆಯ ಗೋಡೆಗೆ ಅಂಟಿಸಿರಿ. ಓದಲು ಬಾರದವರಿಗೆ ಓದಿ ಹೇಳಿರಿ.

ಕೆಲಸ ಮಾಡುವಾಗ: ರಬ್ಬರಿನ ಅಥವಾ ಪಿ.ವಿ.ಸಿ. ಕೈಚೀಲ, ಸುತ್ತಲೂ ಮುಚ್ಚುವ ಕನ್ನಡಕ, ಮುಂಗವಚ, ಗಂಬೂಟು ಇಲ್ಲದೆ ಸ್ಲರಿಯನ್ನಾಗಲಿ ಕಾಸ್ಟಿಕ್ಕನ್ನಾಗಲಿ ಮುಟ್ಟಕೂಡದು. ಮೊದಲು ನೀರು, ಆಮೇಲೆ ಕಾಸ್ಟಿಕ್. ಅದು ಕರಗಿ ತಣ್ಣಗಾದ ಮೇಲೆ ಸ್ಲರಿಯನ್ನು ಸ್ವಲ್ಪ ಸ್ವಲ್ಪವೇ ಹಾಕತಕ್ಕದ್ದು. ಸ್ಲರಿಯ ಮೇಲೆ ನೀರು ಸುರಿದರೆ ಕುದಿದು ಸಿಡಿಯಬಹುದು. ಸ್ಲರಿಯನ್ನು ಬರೀ ಕಬ್ಬಿಣದ ಪಾತ್ರೆಯಲ್ಲಿ ಇಡಬಾರದು. ಆಮ್ಲ ಕಬ್ಬಿಣವನ್ನು ತಿಂದು ಜಲಜನಕ ಎಂಬ ಹೊತ್ತಿಕೊಳ್ಳುವ ಅನಿಲವನ್ನು ಹುಟ್ಟಿಸುತ್ತದೆ. ಉಬ್ಬಿದ ಡ್ರಮ್ಮಿಗೆ ಸುತ್ತಿಗೆ ಹಾಕಬೇಡಿ; ಖಾಲಿ ಡ್ರಮ್ಮನ್ನು ಗ್ಯಾಸ್ ಹಚ್ಚಿ ಕತ್ತರಿಸಬೇಡಿ; ಹತ್ತಿರ ಬೀಡಿ ಸೇದಬೇಡಿ.

ಬೆರೆಸಕೂಡದವು: ಸ್ಲರಿ ಅಥವಾ ಯಾವುದೇ ಆಮ್ಲ ಬ್ಲೀಚಿಂಗ್ ಪುಡಿಗೋ ಬ್ಲೀಚಿಂಗ್ ದ್ರಾವಣಕ್ಕೋ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ. ಗಂಧಕದ ಕಪ್ಪು ಬಣ್ಣಕ್ಕೆ ಬಳಸುವ ಸೋಡಿಯಂ ಸಲ್ಫೈಡಿಗೆ ತಾಗಿದರೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಈ ಅನಿಲ ಹೆಚ್ಚಾದಾಗ ಮೂಗನ್ನು ಮರಗಟ್ಟಿಸಿ ವಾಸನೆಯೇ ತಿಳಿಯದಂತೆ ಮಾಡಿ ಕೊಲ್ಲುತ್ತದೆ. ಮೋರಿಯಲ್ಲಿ ಎರಡು ನೀರು ಕೂಡಿದರೂ ಇದು ಆಗಬಲ್ಲದು. ಬಿದ್ದವನನ್ನು ಎತ್ತಲು ಗುಂಡಿಗೆ ಹಾರಿದವನೂ ಸಾಯುತ್ತಾನೆ. ಉಸಿರಾಟದ ಉಪಕರಣವಿಲ್ಲದೆ ಇಳಿಯಬೇಡಿ, ಅಗ್ನಿಶಾಮಕ ದಳವನ್ನು ಕರೆಯಿರಿ.

ಕಣ್ಣಿಗೆ ಬಿದ್ದರೆ: ಆ ಕ್ಷಣವೇ, ಡಾಕ್ಟರರನ್ನು ಹುಡುಕುವ ಮೊದಲೇ, ಹರಿಯುವ ಶುದ್ಧ ನೀರು. ರೆಪ್ಪೆಯನ್ನು ಬೆರಳುಗಳಿಂದ ಅಗಲಿಸಿ ಹಿಡಿದು ಕನಿಷ್ಠ 15 ನಿಮಿಷ, ಕಾಸ್ಟಿಕ್ ಆದರೆ ಇನ್ನೂ ಹೆಚ್ಚು ಹೊತ್ತು. ನೀರು ಮೂಗಿನ ಕಡೆಯಿಂದ ಕಿವಿಯ ಕಡೆಗೆ ಹರಿಯಲಿ; ಇಲ್ಲವಾದರೆ ಒಳ್ಳೆಯ ಕಣ್ಣಿಗೂ ವಿಷ ಸೇರುತ್ತದೆ. ಹರಳೆಣ್ಣೆ, ಹಾಲು, ಸುಣ್ಣದ ತಿಳಿ, ಸೋಡಾ ಏನನ್ನೂ ಹಾಕಬೇಡಿ. ಆಮೇಲೆ ಆಸ್ಪತ್ರೆ, ದಾರಿಯಲ್ಲಿಯೂ ನೀರು ನಿಲ್ಲಬಾರದು.

ಮೈಗೆ ಬಿದ್ದರೆ: ತೊಯ್ದ ಬಟ್ಟೆಯನ್ನು ಕಿತ್ತೆಸೆಯಿರಿ, ನಾಚಿಕೆಗೆ ಸಮಯವಿಲ್ಲ, ಧಾರಾಳ ನೀರಿನಿಂದ ಬಹಳ ಹೊತ್ತು ತೊಳೆಯಿರಿ.

ನುಂಗಿದರೆ: ವಾಂತಿ ಮಾಡಿಸಕೂಡದು, ಉಪ್ಪುನೀರು ಕುಡಿಸಕೂಡದು. ಮೇಲೆ ಬರುವ ಆಮ್ಲ ಗಂಟಲನ್ನು ಎರಡನೆಯ ಸಲ ಸುಡುತ್ತದೆ. ನೊರೆ ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟಿಸುತ್ತದೆ. ಬಾಯಿ ಮುಕ್ಕಳಿಸಿ, 108ಕ್ಕೆ ಕರೆ ಮಾಡಿ, ಡಬ್ಬಿಯ ಚೀಟಿಯೊಡನೆ ಆಸ್ಪತ್ರೆಗೆ ಒಯ್ಯಿರಿ.

ಚೆಲ್ಲಿದರೆ: ಜನರನ್ನು ದೂರ ಕಳುಹಿಸಿ; ನೆಲ ಎಣ್ಣೆ ಸುರಿದಂತೆ ಜಾರುತ್ತದೆ. ಮೊದಲು ಮೋರಿಯ ಬಾಯಿಗೆ ಮರಳು ಕಟ್ಟಿರಿ. ಒಣ ಮರಳು ಅಥವಾ ಮಣ್ಣಿನಿಂದ ಸುತ್ತುಗಟ್ಟಿ ಮುಚ್ಚಿರಿ. ಮರದ ಹೊಟ್ಟು, ಹತ್ತಿಯ ಚಿಂದಿ ಬೇಡ. ಸ್ಲರಿಯಾದರೆ ಅಂಚಿನಿಂದ ಒಳಕ್ಕೆ ಸೋಡಾ ಆ್ಯಶನ್ನು ಸ್ವಲ್ಪ ಸ್ವಲ್ಪವೇ ಉದುರಿಸಿರಿ. ನೊರೆಯೂ ಕಾವೂ ಏಳುತ್ತವೆ, ದೂರ ನಿಲ್ಲಿರಿ. ನೊರೆ ನಿಂತ ಮೇಲೆ ಪ್ಲಾಸ್ಟಿಕ್ ಪೀಪಾಯಿಗೆ ತುಂಬಿರಿ. ಬಿರಡೆಯನ್ನು ಬಿಗಿಯಾಗಿ ಮುಚ್ಚಬೇಡಿ. ಬೆಂಕಿ ಹತ್ತಿದರೆ ಗಾಳಿ ಬರುವ ದಿಕ್ಕಿಗೆ ಸರಿದು 101 ಅಥವಾ 112ಕ್ಕೆ ಕರೆ ಮಾಡಿರಿ; ಸ್ಲರಿ ಉರಿದ ಹೊಗೆಯಲ್ಲಿ ಗಂಧಕದ ವಿಷಾನಿಲವಿರುತ್ತದೆ.

ಈಗ ಅಂಗಡಿಬೀದಿಯ ನಮ್ಮ ಮಿತ್ರರಿಗೆ ಎರಡು ಮಾತು. ನಿಮ್ಮನ್ನು ನಾವು ಮಾಲಿಕರ ಸಾಲಿನಲ್ಲಿ ನಿಲ್ಲಿಸುತ್ತಿಲ್ಲ. ದೊಡ್ಡ ಸಗಟು ವ್ಯಾಪಾರಿ ಡ್ರಮ್ಮನ್ನು ನಿಮ್ಮ ಬಾಗಿಲಲ್ಲಿ ಇಳಿಸಿ ರಸೀತಿ ಕೊಡುತ್ತಾನೆ, ಮಾಹಿತಿಯ ಹಾಳೆ ಕೊಡುವುದಿಲ್ಲ. ಡ್ರಮ್ಮು ಸೋರಿದ ದಿನ ಮೊದಲು ಸುಡುವುದು ನಿಮ್ಮ ಅಂಗಡಿಯ ಹುಡುಗನ ಕಾಲು. ಮೊದಲು ಪೊಲೀಸರು ಹಿಡಿಯುವುದು ನಿಮ್ಮ ಕೈ. ಆದರೆ ನಿಮ್ಮಲ್ಲಿಯೂ ತಪ್ಪಿದೆಯೆಂದು ನಾವು ಸ್ನೇಹದಿಂದಲೇ ಹೇಳಬೇಕು. ಮನೆಯಲ್ಲಿ ಬಟ್ಟೆಪುಡಿ, ಪಾತ್ರೆಯ ದ್ರವ ಮಾಡಿ ಮಾರುವ ಹೆಂಗಸರಿಗೆ ಸ್ಲರಿಯನ್ನು ಕುಡಿಯುವ ನೀರಿನ, ಷರಬತ್ತಿನ ಹಳೆಯ ಸೀಸೆಗಳಲ್ಲಿ ಚಿಲ್ಲರೆಯಾಗಿ ತುಂಬಿ ಕೊಡುತ್ತಿದ್ದೀರಿ. ಬಾಯಾರಿದ ಮಗುವಿಗೆ ಸೀಸೆಯ ಗುರುತಿದೆ, ಒಳಗಿನ ವಿಷದ ಗುರುತಿಲ್ಲ. ಇದನ್ನು ಇಂದೇ ನಿಲ್ಲಿಸಿರಿ. ಆಮ್ಲದ ಪಕ್ಕದಲ್ಲಿ ಬ್ಲೀಚಿಂಗ್ ಪುಡಿಯನ್ನಾಗಲಿ, ಬೇಳೆ ಸಕ್ಕರೆಯನ್ನಾಗಲಿ ಇಡಬೇಡಿ. ಚೀಟಿಯಿಲ್ಲದ ಡ್ರಮ್ಮನ್ನು ಇಳಿಸಿಕೊಳ್ಳಬೇಡಿ. 2013ರ ಜುಲೈ 18ರಂದು ಸುಪ್ರೀಂ ಕೋರ್ಟು ಚಿಲ್ಲರೆ ಆಮ್ಲದ ಮಾರಾಟಕ್ಕೆ ಪುಸ್ತಕ ಇಡಬೇಕು, ಕೊಳ್ಳುವವನ ಗುರುತು ಬರೆದುಕೊಳ್ಳಬೇಕು, 18 ವರ್ಷದೊಳಗಿನವರಿಗೆ ಮಾರಬಾರದು ಎಂದು ಆಜ್ಞೆ ಮಾಡಿರುವುದನ್ನು ಮರೆಯಬೇಡಿ. ನೀವು ಒಬ್ಬೊಬ್ಬರೇ ಸಗಟು ವ್ಯಾಪಾರಿಯನ್ನು ಹಾಳೆ ಕೊಡೆಂದು ಕೇಳಿದರೆ ನಗುತ್ತಾನೆ. ಇಡೀ ಬೀದಿ ಕೇಳಿದರೆ ಕೊಡುತ್ತಾನೆ.

ಮೋರಿಗೆ ಬಿಟ್ಟದ್ದು ಮಾಯವಾಗುವುದಿಲ್ಲವೆಂಬುದಕ್ಕೆ ಬೆಂಗಳೂರಿನ ಬೆಳ್ಳಂದೂರು ಕೆರೆ ಸಾಕ್ಷಿ. ಊರಿನ ಕೊಳಚೆಯೂ ಮಾರ್ಜಕವೂ ಕೂಡಿ ಅಲ್ಲಿ ನೊರೆ ರಸ್ತೆಗೆ ಹಾರಿತು; 2015ರಲ್ಲಿ ಕೆರೆಯ ಮೇಲೆಯೇ ಬೆಂಕಿ ಕಾಣಿಸಿತು. ಒಂದು ಲೀಟರ್ ನೀರಿಗೆ ಕೆಲವೇ ಮಿಲಿಗ್ರಾಂ ಮಾರ್ಜಕ ಸೇರಿದರೂ ಮೀನು ಸಾಯುತ್ತದೆ. ನಮ್ಮ ಊರಿನ ಹಳ್ಳದ ಕೆಳಗೆ ತೋಟಗಳಿವೆ, ದನಗಳು ನೀರು ಕುಡಿಯುತ್ತವೆ. ಚೆಲ್ಲಿದ್ದನ್ನು ರಾತ್ರಿ ಮೋರಿಗೆ ತಳ್ಳಿ ಬೆಳಿಗ್ಗೆ ಕೈ ತೊಳೆದುಕೊಳ್ಳುವ ಆಟ ಇನ್ನು ನಡೆಯಕೂಡದು.

ನಮ್ಮ ಬೇಡಿಕೆಗಳು ಸ್ಪಷ್ಟ. ಒಂದು: ಈ ಪದಾರ್ಥಗಳನ್ನು ಮುಟ್ಟುವ ಪ್ರತಿ ಖಾತೆಯಲ್ಲಿಯೂ ಹತ್ತು ಹೆಜ್ಜೆಯೊಳಗೆ, ಬೀಗವಿಲ್ಲದ, ಹಗಲು ರಾತ್ರಿ ಹರಿಯುವ ನಲ್ಲಿ. ಎರಡು: ಕನ್ನಡದಲ್ಲಿ ಚೀಟಿ, ಕನ್ನಡದಲ್ಲಿ ಹಾಳೆ. ಮೂರು: ಕೈಚೀಲ, ಕನ್ನಡಕ, ಬೂಟುಗಳು ಮಾಲಿಕರ ಖರ್ಚಿನಲ್ಲಿ, ಹರಿದೊಡನೆ ಹೊಸದು. ನಾಲ್ಕು: ಕಾರ್ಮಿಕರೇ ಆರಿಸಿದ ಪ್ರತಿನಿಧಿಗಳುಳ್ಳ ಸುರಕ್ಷತಾ ಸಮಿತಿ. ಐದು: ಮಂದಿಯ ಲೆಕ್ಕ ನೋಡದೆ, ಆಮ್ಲವಿರುವ ಪ್ರತಿ ಶೆಡ್ಡಿಗೂ ಇನ್‌ಸ್ಪೆಕ್ಟರರ ಭೇಟಿ. ಆರು: ಕಣ್ಣು ಕಳೆದುಕೊಂಡ ಹುಡುಗನಿಗೆ ಪೂರ್ಣ ಚಿಕಿತ್ಸೆ, ಪೂರ್ಣ ಸಂಬಳ, ನ್ಯಾಯವಾದ ಪರಿಹಾರ, ಅದೇ ಕಾರ್ಖಾನೆಯಲ್ಲಿ ಬೇರೆ ಕೆಲಸ.

ಆ ಕಾರ್ಖಾನೆಯ ಅಂಗಳದಲ್ಲಿ ಕಳೆದ ವಾರ ಹೊಸ ನಲ್ಲಿಯೊಂದನ್ನು ಹಾಕಿಸಿದ್ದಾರೆಂದು ಕೇಳಿದ್ದೇವೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದವರ ಕಥೆ ಇದು. ಆದರೂ ನಲ್ಲಿ ಬಂದದ್ದಕ್ಕೆ ನಮಗೆ ಸಂತೋಷವೇ. ಒಂದು ಸಂಗತಿ ಅದರಿಂದ ಸಿದ್ಧವಾಯಿತು: ನಲ್ಲಿ ಹಾಕಿಸುವುದು ಸಾಧ್ಯವಿತ್ತು. ಒಂದು ವಾರದ ಕೆಲಸ, ಒಂದು ಕೊಳಾಯಿ, ಒಬ್ಬ ಕೊಳಾಯಿ ರಿಪೇರಿಯವನು. ಅಷ್ಟಕ್ಕಾಗಿ ಒಂದು ಕಣ್ಣು ಹೋಗುವ ತನಕ ಕಾದರು.

ಉಳಿದ ಖಾತೆಗಳ ಕಾರ್ಮಿಕ ಬಂಧುಗಳೇ, ನಾಳೆ ಪಾಳಿಗೆ ಹೋದಾಗ ಮೊದಲು ನಿಮ್ಮ ಖಾತೆಯ ನಲ್ಲಿಯನ್ನು ತಿರುಗಿಸಿ ನೋಡಿರಿ. ನೀರು ಬಾರದಿದ್ದರೆ ಡ್ರಮ್ಮನ್ನು ಮುಟ್ಟುವ ಮೊದಲು ಎಲ್ಲರೂ ಒಟ್ಟಾಗಿ ಮ್ಯಾನೇಜರರ ಬಾಗಿಲಿಗೆ ಹೋಗಿರಿ. ಒಬ್ಬನೇ ಹೋದರೆ ಅವನು ತಂಟೆಕೋರ. ಎಲ್ಲರೂ ಹೋದರೆ ಅದು ಸಂಘ.